ಮಗ ಕುವೈತಿಗೆ ಡ್ಯೂಟಿಗೆ ಹೊರಟಿದಾನೆ, ಅಲ್ಲಿನ ಬಿಸಿಲಿಗೆ ಏನ್ ತಯಾರಿ ಮಾಡ್ಕೋಬೇಕು?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಾವು ಹಾಸನದ ಕಡೆಯೋರು, ಡಲ್ಲಾಸ್‌ಗೆ ಬಂದು ಬಹಳ ವರ್ಷ ಆಯ್ತು. ಮಗ ಇಲ್ಲೇ ಹುಟ್ಟಿ ಬೆಳೆದೋನು, ಈಗ ಅಮೆರಿಕನ್ ಆರ್ಮೀಲಿ ಗಾಡಿ ಮೆಕ್ಯಾನಿಕ್. ಜೂನ್ ಕೊನೇಲಿ ಕುವೈತಿಗೆ ಕಳಿಸ್ತಾರಂತೆ. 50 ಡಿಗ್ರಿ ದಾಟತ್ತೆ ಅಂತ ಓದ್ದಾಗಿಂದ ನಂಗೆ ನಿದ್ದೆ ಇಲ್ಲ, ಅವನು ನೋಡಿದ್ರೆ "ಟೆಕ್ಸಾಸ್ ಬಿಸಿಲೇ ನೋಡಿದೀನಿ ಬಿಡಮ್ಮ, ಅಲ್ಲಿ ಟೆಂಟಿಗೂ ಏಸಿ ಇರತ್ತೆ" ಅಂತಾನೆ. ಉಪ್ಪಿನ ಮಾತ್ರೆ ಕಳಿಸ್ಲಾ? ನೀರು ಎಷ್ಟು ಕುಡೀಬೇಕು? ಧೂಳಿನ ಅಲರ್ಜಿಗೆ ರಾತ್ರಿ ಒಂದು ಮಾತ್ರೆ ತಗೋತಾನೆ, ಅದು ಪರವಾಗಿಲ್ವಾ? ಮರಳುನೊಣ ಕಚ್ಚಿ ಹುಣ್ಣಾಗತ್ತೆ ಅಂತಾನೂ ಯಾರೋ ಹೆದರ್ಸಿದಾರೆ.

ಡಾಕ್ಟ್ರ ಉತ್ತರ: ನಮಸ್ಕಾರ ಮೇಡಂ. ನಾನು ಆರ್ಮಿ ಮೆಡಿಕಲ್ ಕೋರ್‌ನಲ್ಲಿ ಇದ್ದೋನು, ಈಗ ರಿಟೈರ್ ಆಗಿದೀನಿ. ನೀವು ಓದಿದ್ದು ನಿಜ, ಕುವೈತಿನ ಮಿತ್ರಿಬಾದಲ್ಲಿ 2016ರ ಜುಲೈ 21ಕ್ಕೆ 53.9 ಡಿಗ್ರಿ ದಾಖಲಾಗಿದೆ. ಆದ್ರೆ ನಂಗೆ ಆ ನಂಬರ್‌ಗಿಂತ ಜಾಸ್ತಿ ಚಿಂತೆ ಆಗೋದು ನಿಮ್ಮ ಮಗ ಹೇಳಿದ ಏಸಿ ಮಾತು ಕೇಳಿ.

ಮೈ ಸೆಕೆಗೆ ಒಗ್ಗೋಕೆ ಹತ್ತರಿಂದ ಹದಿನಾಲ್ಕು ದಿನ ಬೇಕು. ಆಮೇಲೆ ಬೆವರು ಬೇಗ ಶುರುವಾಗತ್ತೆ, ಜಾಸ್ತಿ ಬರತ್ತೆ, ಅದ್ರಲ್ಲಿ ಉಪ್ಪು ಕಡಿಮೆ ಹೋಗತ್ತೆ, ರಕ್ತದಲ್ಲಿ ನೀರಿನಂಶ ಹೆಚ್ಚಿ ಎದೆಬಡಿತ ಹತೋಟೀಲಿರತ್ತೆ. ಇದೆಲ್ಲ ಏಸಿ ರೂಮಲ್ಲಿ ಮಲಗಿದ್ರೆ ಆಗಲ್ಲ, ದಿನಾ ಹೆಚ್ಚುಕಡಿಮೆ ಎರಡು ಗಂಟೆ ಬಿಸೀಲಿ ಮೈ ಬಗ್ಗಿಸಿ ಕೆಲಸ ಮಾಡಿದ್ರೆ ಮಾತ್ರ. ಆದ್ರೆ ಮೊದಲನೇ ದಿನಾನೇ ಪೂರ್ತಿ ಕೆಲಸಕ್ಕೆ ಇಳೀಬಾರ್ದು, ಸ್ವಲ್ಪ ಸ್ವಲ್ಪ ಏರಿಸ್ತಾ ಹೋಗ್ಬೇಕು. ಬಿಸಿಲಿಗೆ ಬೀಳೋರಲ್ಲಿ ಹೊಸಬರೇ ಜಾಸ್ತಿ, ಅದ್ರಲ್ಲೂ ಗಟ್ಟಿಮುಟ್ಟಾಗಿದ್ದು "ನಂಗೇನೂ ಆಗಲ್ಲ" ಅಂತ ಸುಸ್ತನ್ನ ಮುಚ್ಚಿಡೋ ಹುಡುಗ್ರು. ಹೊರಡೋ ಮುಂಚೆ ಡಲ್ಲಾಸ್‌ನಲ್ಲೇ ಸಂಜೆ ಬಿಸೀಲಿ ಓಡೋದು ಶುರು ಮಾಡ್ಲಿ, ಜೊತೇಗೆ ಯಾರಾದ್ರೂ ಇರ್ಲಿ.

ನೀರಿನ ವಿಷಯ. ಕುಡಿಯೋದು ಕಡಿಮೆ ಆದ್ರೂ ಅಪಾಯ, ಅತಿ ಆದ್ರೂ ಅಪಾಯ, ಈ ಎರಡನೇದು ತುಂಬಾ ಜನಕ್ಕೆ ಗೊತ್ತೇ ಇಲ್ಲ. ಆರ್ಮಿ ಲೆಕ್ಕದಲ್ಲಿ ಗಂಟೆಗೆ ಒಂದೂವರೆ ಕ್ವಾರ್ಟ್, ಅಂದ್ರೆ ಸುಮಾರು 1.4 ಲೀಟರ್ ದಾಟಬಾರ್ದು, ದಿನಕ್ಕೆ 12 ಕ್ವಾರ್ಟ್, ಅಂದ್ರೆ ಸುಮಾರು 11 ಲೀಟರ್ ದಾಟಬಾರ್ದು. ಸೆಕೇಲಿ ಹಸಿವು ಸತ್ತೋಗತ್ತೆ, ಹುಡುಗ್ರು ಊಟ ಬಿಟ್ಟು ಬರೀ ನೀರು ಕುಡೀತಾರೆ, ಆಗ ರಕ್ತದಲ್ಲಿ ಸೋಡಿಯಂ, ಅಂದ್ರೆ ಉಪ್ಪಿನಂಶ ಇಳಿದು ತಲೆನೋವು, ವಾಂತಿ, ಗೊಂದಲ, ಫಿಟ್ಸ್ ಕೂಡ ಬರಬಹುದು. ಹಾಗಂತ ಉಪ್ಪಿನ ಮಾತ್ರೆ ಬೇಡ, ಹೊತ್ತುಹೊತ್ತಿಗೆ ಊಟ ಮಾಡು ಅನ್ನಿ, ಆರ್ಮಿ ಪ್ಯಾಕೆಟ್ ಊಟದಲ್ಲಿ ಉಪ್ಪು ಬೇಕಾದಷ್ಟಿದೆ. ನೀವು ಕಳಿಸ್ಲೇಬೇಕು ಅಂದ್ರೆ ಉಪ್ಪಿನಕಾಯಿ, ಚಟ್ನಿಪುಡಿ ಕಳಿಸಿ, ಬಾಯಿಗೆ ರುಚಿ ಸಿಕ್ಕಿದ್ರೆ ಊಟ ಬಿಡಲ್ಲ. ಮೂತ್ರ ತಿಳಿಹಳದಿ ಇದ್ರೆ ಸರಿ. ಕಡು ಬಣ್ಣಕ್ಕೆ ತಿರುಗಿದ್ರೆ ನೀರು ಸಾಲ್ತಿಲ್ಲ ಅಂತ.

ಅಲರ್ಜಿ ಮಾತ್ರೆ ಕೇಳಿದ್ದು ಒಳ್ಳೇದಾಯ್ತು. ನಿದ್ದೆ ಬರಿಸೋ ಹಳೇ ತರದ ಅಲರ್ಜಿ ಮಾತ್ರೆಗಳು ಬೆವರನ್ನೇ ತಡೀತಾವೆ, ಬೆವರದೇ ಇದ್ರೆ ಮೈ ತಣ್ಣಗಾಗೋಕೆ ಬೇರೆ ದಾರೀನೇ ಇಲ್ಲ ಅಲ್ಲಿ. ಹೊರಡೋ ಮುಂಚೆ ಯೂನಿಟ್ ಡಾಕ್ಟ್ರಿಗೆ ಆ ಮಾತ್ರೆ ತೋರಿಸಿ ಬದಲಾಯಿಸ್ಕೊಳ್ಳಲಿ. ಜಿಮ್‌ಗೆ ಹೋಗೋ ಮುಂಚೆ ಕುಡಿಯೋ ಪುಡಿ, ಎನರ್ಜಿ ಡ್ರಿಂಕ್ ಎಲ್ಲ ಪೂರ್ತಿ ಬಿಡ್ಲಿ. ಭೇದಿ ಆದ ದಿನ, ನಿದ್ದೆಗೆಟ್ಟ ದಿನ ಬಿಸಿಲಿನ ಕೆಲಸ ಬೇಡ ಅಂತ ಬಾಯಿಬಿಟ್ಟು ಹೇಳ್ಬೇಕು, ಅದ್ರಲ್ಲಿ ನಾಚಿಕೆ ಏನೂ ಇಲ್ಲ.

ಕುವೈತಿಂದ ಒಬ್ರು: ಡಾಕ್ಟ್ರೇ, ನಾನು ಕುಂದಾಪುರದೋನು, ಇಲ್ಲಿ ಕನ್ಸ್ಟ್ರಕ್ಷನ್ ಸೈಟ್ ಸೂಪರ್‌ವೈಸರ್. ಇಲ್ಲಿ ಜೂನಿಂದ ಆಗಸ್ಟ್ ತನಕ ಬೆಳಿಗ್ಗೆ 11ರಿಂದ ಸಂಜೆ 4ರ ತನಕ ಬಿಸಿಲಲ್ಲಿ ಕೆಲಸ ಮಾಡಿಸೋ ಹಾಗಿಲ್ಲ, ಕಾನೂನೇ ಇದೆ. ಜೂನ್, ಜುಲೈಯಲ್ಲಿ ಶಮಾಲ್ ಅಂತ ವಾಯವ್ಯದಿಂದ ಬೀಸೋ ಒಣಗಾಳಿ, ಧೂಳು. ಆಗ ಬೆವರು ಬಂದಿದ್ದೇ ಗೊತ್ತಾಗಲ್ಲ, ಅಲ್ಲೇ ಒಣಗಿ ಅಂಗಿ ಮೇಲೆ ಉಪ್ಪಿನ ಗೆರೆ ಮಾತ್ರ ಕಾಣತ್ತೆ. ಮೆಕ್ಯಾನಿಕ್ ಅಂದ್ರಲ್ಲ, ಬಿಸಿಲಲ್ಲಿಟ್ಟ ಸ್ಪ್ಯಾನರ್ ಮುಟ್ಟಿದ್ರೆ ಕೈ ಸುಟ್ಟೋಗತ್ತೆ, ಗ್ಲೌಸ್ ಇಲ್ದೆ ಮುಟ್ಬೇಡ ಅನ್ನಿ ಅಕ್ಕ. ಒಂದು ಕೇಳ್ಬೇಕಿತ್ತು, ಯಾರಾದ್ರೂ ಬಿದ್ರೆ ಮೊದ್ಲು ಆಂಬ್ಯುಲೆನ್ಸ್‌ಗೆ ಹಾಕ್ಬೇಕಾ, ನೀರು ಹೊಯ್ಬೇಕಾ?

ಡಾಕ್ಟ್ರ ಉತ್ತರ: ಫೋನ್ ಒಬ್ರು ಮಾಡ್ಲಿ, ಉಳಿದೋರು ತಕ್ಷಣ ತಣ್ಣಗೆ ಮಾಡೋಕೆ ಶುರು ಮಾಡ್ಬೇಕು. ಬಿಸಿಲಲ್ಲಿ ಕೆಲಸ ಮಾಡ್ತಿದ್ದೋನು ತಡಬಡ ಮಾತಾಡಿದ್ರೆ, ತೂರಾಡಿದ್ರೆ, ಸುಮ್ಸುಮ್ನೆ ಜಗಳ ತೆಗೆದ್ರೆ ಅದು ಹೀಟ್ ಸ್ಟ್ರೋಕ್ ಅಂತಾನೇ ಅಂದ್ಕೊಳ್ಳಿ. ಬೆವರ್ತಿದಾನಲ್ಲ ಅಂತ ಸುಮ್ನಿರಬೇಡಿ, ಶ್ರಮದಿಂದ ಬರೋ ಹೀಟ್ ಸ್ಟ್ರೋಕಲ್ಲಿ ಬೆವರು ಇರಬಹುದು. ಬಟ್ಟೆ ಬಿಚ್ಚಿ, ಐಸ್ ನೀರಿನ ತೊಟ್ಟಿ ಇದ್ರೆ ಕುತ್ತಿಗೆ ತನಕ ಮುಳುಗಿಸಿ, ತಲೆ ಹಿಡ್ಕೊಂಡಿರಿ. ಇಲ್ದಿದ್ರೆ ಐಸ್ ನೀರಲ್ಲಿ ಅದ್ದಿದ ಬೆಡ್‌ಶೀಟ್ ಸುತ್ತಿ ಬದಲಾಯಿಸ್ತಾ ಇರಿ. ಅರ್ಧ ಗಂಟೆ ಒಳಗೆ ತಣ್ಣಗಾದೋರು ಸಾಮಾನ್ಯವಾಗಿ ಬದುಕ್ತಾರೆ, ಆಸ್ಪತ್ರೆ ಮುಟ್ಟೋ ತನಕ ಕಾದ್ರೆ ಆ ಅರ್ಧ ಗಂಟೆ ದಾರೀಲೇ ಹೋಗತ್ತೆ. ಪ್ರಜ್ಞೆ ಇಲ್ದೋನ ಬಾಯಿಗೆ ನೀರು ಮಾತ್ರ ಹಾಕ್ಬೇಡಿ.

ಪ್ರಶ್ನೆ: ಇಬ್ರಿಗೂ ತುಂಬಾ ಥ್ಯಾಂಕ್ಸ್. ಮಗ ಸಿಗರೇಟ್ ಸೇದಲ್ಲ, ಆದ್ರೆ ಅಲ್ಲಿಗೆ ಹೋದ ಮೇಲೆ ಬೇಜಾರಿಗೆ ಎಲ್ರೂ ಕಲೀತಾರಂತೆ. ಅದೂ ಮತ್ತೆ ಆ ಮರಳುನೊಣದ್ದು ಹೇಳಿ.

ಡಾಕ್ಟ್ರ ಉತ್ತರ: ಸಿಗರೇಟ್ ವಿಷಯ ಅವನಿಗೆ ಖಂಡಿತ ಓದಿಸಿ. 2003ರ ಮಾರ್ಚಿಂದ 2004ರ ಮಾರ್ಚ್ ತನಕ ಇರಾಕ್ ಕಡೆ ಹೋಗಿದ್ದ ಅಮೆರಿಕನ್ ಸೈನಿಕರಲ್ಲಿ 18 ಜನಕ್ಕೆ ಇದ್ದಕ್ಕಿದ್ದಂಗೆ ಒಂದು ಅಪರೂಪದ ನ್ಯುಮೋನಿಯ ಬಂತು, ಇಬ್ರು ತೀರ್ಕೊಂಡ್ರು. ಅಷ್ಟೂ ಜನ ಸೇದೋರೇ, ಅದ್ರಲ್ಲಿ 14 ಜನ ಆಗಷ್ಟೇ ಶುರು ಮಾಡಿದೋರು. ಧೂಳೂ ಸೇರಿರಬಹುದು, ಆದ್ರೆ ಹೊಸದಾಗಿ ಕಲಿತ ಸಿಗರೇಟ್ ನಂಟು ಎದ್ದು ಕಾಣ್ತಿತ್ತು.

ಮರಳುನೊಣದ ಹುಣ್ಣು ಲೀಷ್ಮೇನಿಯಾಸಿಸ್, ಇರಾಕ್ ಯುದ್ಧದಲ್ಲಿ ನೂರಾರು ಸೈನಿಕರಿಗೆ ಬಂತು, "ಬಾಗ್ದಾದ್ ಬಾಯ್ಲ್", ಅಂದ್ರೆ ಬಾಗ್ದಾದ್ ಹುಣ್ಣು ಅಂತಿದ್ರು. ಕುವೈತಲ್ಲೇ ಇದ್ರೆ ಭಯ ಕಡಿಮೆ, ಆದ್ರೆ ಅಲ್ಲಿಂದ ಇರಾಕ್, ಸಿರಿಯಾಗೆ ಕಳಿಸಿದ್ದೂ ಉಂಟು. ಆ ನೊಣ ಸೊಳ್ಳೆಗಿಂತ ಚಿಕ್ಕದು, ಶಬ್ದ ಮಾಡಲ್ಲ, ಸಂಜೆಯಿಂದ ಬೆಳಗಿನ ತನಕ ಕಚ್ಚತ್ತೆ, ಮಾಮೂಲಿ ಸೊಳ್ಳೆಪರದೇಲಿ ತೂರ್ಕೊಂಡು ಬರತ್ತೆ. ಯೂನಿಫಾರ್ಮ್‌ಗೆ ಪರ್ಮೆಥ್ರಿನ್ ಅನ್ನೋ ಕೀಟನಾಶಕ, ಚರ್ಮಕ್ಕೆ ಡೀಟ್ ಅನ್ನೋ ಕೀಟ ಓಡಿಸೋ ಔಷಧಿ, ತೀರಾ ಸಣ್ಣ ತೂತಿನ ಸೊಳ್ಳೆಪರದೆ, ಮೂರೂ ಬೇಕು. ಕಚ್ಚಿ ವಾರಗಳೋ ತಿಂಗಳುಗಳೋ ಆದ್ಮೇಲೆ ಹುಣ್ಣು ಕಾಣಿಸ್ಕೊಳತ್ತೆ, ನೋವೂ ಅಷ್ಟಿರಲ್ಲ. ಹಾಗಾಗಿ ವಾಪಸ್ ಬಂದ್ಮೇಲೆ ವಾಸಿಯಾಗದ ಗಾಯ ಇದ್ರೆ ಡಾಕ್ಟ್ರಿಗೆ ಮೊದಲು ಎಲ್ಲೆಲ್ಲಿ ಇದ್ದೆ ಅನ್ನೋದನ್ನ ಹೇಳ್ಲಿ, ಇಲ್ದಿದ್ರೆ ಡಲ್ಲಾಸ್ ಡಾಕ್ಟ್ರಿಗೆ ಇದು ಹೊಳೆಯೋದೇ ಕಷ್ಟ.