ಮೂರು ಕುರ್ಚಿ, ಮೂರು ಲೆಕ್ಕ: ಬಾಕ್ಸಿಂಗ್ ಕೋಚ್‌ಗೆ ನಿಮ್ಮ ಪ್ರಶ್ನೆ

ಪ್ರಶ್ನೆ (ಹುಬ್ಬಳ್ಳಿ, ಉಣಕಲ್ಲಿನ ಒಬ್ಬ ತಂದೆ): ಸರ್, ನಮಸ್ಕಾರ. ನನ್ನ ಮಗನಿಗೆ 17 ವರ್ಷ, ತೂಕ 94 ಕೆಜಿ. ಹೋದ ತಿಂಗಳು ಒಂದು ಟೂರ್ನಮೆಂಟ್‌ನಲ್ಲಿ 3-2ರಿಂದ ಸೋತ. ನೋಡಿದವರೆಲ್ಲ ಅವನೇ ಗೆದ್ದ ಅಂದುಕೊಂಡಿದ್ದೆವು. ಅವತ್ತಿನಿಂದ ಗ್ಲೌಸ್ ಮುಟ್ಟಿಲ್ಲ. ಹೆವಿವೇಟ್ ಚಾಂಪಿಯನ್‌ಗಳಾದ ಲೆನಾಕ್ಸ್ ಲೂಯಿಸ್ ಮತ್ತು ಹೋಲಿಫೀಲ್ಡ್ ಫೈಟ್ ಹಾಕಿಕೊಂಡು ಕೂತು, ‘ಅಷ್ಟು ದೊಡ್ಡವರಿಗೇ ಹಿಂಗಾದರೆ ನನ್ನದೇನಪ್ಪ’ ಅನ್ನುತ್ತಾನೆ. ಅಷ್ಟೊಂದು ಹೊಡೆದ ಲೂಯಿಸ್‌ಗೆ ಡ್ರಾ ಹೇಗೆ ಕೊಟ್ಟರು? ಮಗನಿಗೆ ನಾನು ಏನು ಹೇಳಲಿ?

ಕೋಚ್ (ಧಾರವಾಡ): ಆ ಫೈಟ್ ಬಗ್ಗೆ ನಿಮ್ಮ ಮಗ ಹೇಳುವುದು ಸರಿ ಇದೆ. ಮೊದಲು ಅವನಿಗೆ ಅದನ್ನೇ ಹೇಳಿ. ‘ಜಡ್ಜ್ ಹೇಳಿದ ಮೇಲೆ ಮುಗೀತು’ ಅಂತ ಬಾಯಿ ಮುಚ್ಚಿಸಬೇಡಿ.

1999ರ ಮಾರ್ಚ್ 13, ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಪಂಚ್ ಎಣಿಸುವ ಕಂಪ್ಯೂಬಾಕ್ಸ್ ಸಂಸ್ಥೆಯ ಲೆಕ್ಕದ ಪ್ರಕಾರ ಲೂಯಿಸ್ 613 ಪಂಚ್ ಎಸೆದು 348 ತಾಗಿಸಿದ. ಹೋಲಿಫೀಲ್ಡ್ ಎಸೆದದ್ದು 385, ತಾಗಿದ್ದು 130. ಆದರೂ ಡ್ರಾ. ಒಬ್ಬ ಜಡ್ಜ್ 116-113 ಅಂತ ಲೂಯಿಸ್‌ಗೆ ಕೊಟ್ಟರು. ಇನ್ನೊಬ್ಬರದು 115-115. ಮೂರನೆಯವರು, ಯುಜೀನಿಯಾ ವಿಲಿಯಮ್ಸ್, 115-113 ಅಂತ ಹೋಲಿಫೀಲ್ಡ್‌ಗೆ ಕೊಟ್ಟರು. ಅಂದರೆ 12ರಲ್ಲಿ 7 ರೌಂಡ್ ಹೋಲಿಫೀಲ್ಡ್‌ದು! ಐದನೇ ರೌಂಡ್‌ನಲ್ಲಿ ಲೂಯಿಸ್ ಅವನನ್ನು ಹಗ್ಗಕ್ಕೆ ಒತ್ತಿ ಹಿಡಿದು ಬಾರಿಸಿದ್ದ. ಅದನ್ನೂ ಅವರು ಹೋಲಿಫೀಲ್ಡ್‌ಗೇ ಬರೆದರು. ಆಮೇಲೆ ವಿಚಾರಣೆಗಳೂ ಆದವು. ಅದೇ ನವೆಂಬರ್‌ನಲ್ಲಿ ಲಾಸ್ ವೇಗಸ್‌ನಲ್ಲಿ ಮತ್ತೆ ಆಡಿಸಿದಾಗ ಮೂವರೂ ಲೂಯಿಸ್‌ಗೇ ಕೊಟ್ಟರು.

ಇದು ಹೇಗೆ ಆಗುತ್ತದೆ? ಲಂಚ, ಲಾಬಿ ಇದ್ದದ್ದೂ ಉಂಟು. 2016ರ ರಿಯೋ ಒಲಿಂಪಿಕ್ಸ್ ಬಾಕ್ಸಿಂಗ್‌ನಲ್ಲಿ ಫಲಿತಾಂಶ ತಿರುಚುವ ವ್ಯವಸ್ಥೆಯೇ ಇತ್ತು ಅಂತ 2021ರ ಮೆಕ್ಲಾರೆನ್ ತನಿಖೆ ಹೇಳಿತು. ಆದರೆ ದುಡ್ಡು ಇಲ್ಲದೆಯೂ ತಪ್ಪಾಗುತ್ತದೆ. ಅದು ಜನಕ್ಕೆ ಜಾಸ್ತಿ ಗೊತ್ತಿಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಜಡ್ಜ್ ಕುರ್ಚಿ ರಿಂಗಿನ ಪಕ್ಕ, ಕೆಳಗೆ ಇರುತ್ತದೆ. ಕಣ್ಣಿಗೆ ಅಡ್ಡವಾಗಿ ಹಗ್ಗ. ಇಬ್ಬರೂ ಹತ್ತಿರ ಬಂದಾಗ ಕಾಣುವುದು ಒಬ್ಬನ ಬೆನ್ನು ಮಾತ್ರ. ರೆಫರಿ ನಡುವೆ ಬಂದರೆ ಅದೂ ಇಲ್ಲ. ಹುಕ್ (ಪಕ್ಕದಿಂದ ಬೀಸುವ ಪಂಚ್) ಕೆನ್ನೆಗೆ ಬಿತ್ತೋ ಗ್ಲೌಸ್‌ಗೆ ಬಿತ್ತೋ, ಸಪ್ಪಳ ಒಂದೇ. ಅದಕ್ಕೇ ಮೂರು ಕಡೆ ಮೂವರನ್ನು ಕೂರಿಸುತ್ತಾರೆ, ನಿಮ್ಮ ಮಗನ ಹಂತದಲ್ಲಿ ಐವರನ್ನು. ಇನ್ನೊಂದು, ಅಂಕ ಬರುವುದು ರೌಂಡ್ ಲೆಕ್ಕದಲ್ಲಿ. ಒಂದು ರೌಂಡ್‌ನಲ್ಲಿ ನಲವತ್ತು ಹೊಡೆದು ಗೆದ್ದರೂ ಸಾಮಾನ್ಯವಾಗಿ 10-9, ಅಂದರೆ ರೌಂಡ್ ಗೆದ್ದವನಿಗೆ 10, ಸೋತವನಿಗೆ 9. ಒಂದೇ ಪಂಚ್ ಜಾಸ್ತಿ ಹೊಡೆದು ಗೆದ್ದರೂ 10-9. ಒಟ್ಟು ಎಷ್ಟು ಹೊಡೆದ ಅನ್ನುವುದನ್ನು ಯಾರೂ ಕೂಡಿಸುವುದಿಲ್ಲ.

ನನ್ನದೇ ಒಂದು ತಪ್ಪು ಹೇಳುತ್ತೇನೆ. ಬಹಳ ವರ್ಷದ ಹಿಂದೆ ಒಂದು ಸಣ್ಣ ಟೂರ್ನಮೆಂಟ್‌ಗೆ ಜಡ್ಜ್ ಆಗಿ ಕೂತಿದ್ದೆ. ಊರಿನ ಹುಡುಗ ಕೈ ಬೀಸಿದಾಗಲೆಲ್ಲ ಜನ ಸಿಳ್ಳೆ ಹೊಡೆಯುತ್ತಿದ್ದರು. ಕೊನೇ ರೌಂಡ್ ಅವನಿಗೆ ಕೊಟ್ಟೆ. ರಾತ್ರಿ ಮಲಗಿದಾಗ ನೆನಪಾಯಿತು, ಆ ಪಂಚ್‌ಗಳು ಅರ್ಧಕ್ಕರ್ಧ ತೋಳಿಗೇ ಬಿದ್ದಿದ್ದವು. ನಾನು ಅಂಕ ಕೊಟ್ಟದ್ದು ಸಿಳ್ಳೆಗೆ. ಸೋತ ಹುಡುಗ ಮೂಲೆಯಲ್ಲಿ ಕೂತು ಕೈಯ ಬ್ಯಾಂಡೇಜ್ ಬಿಚ್ಚಿ, ಒಂದು ಸುಕ್ಕೂ ಇಲ್ಲದ ಹಾಗೆ ಸುತ್ತಿ ಚೀಲಕ್ಕೆ ಹಾಕಿಕೊಂಡ. ಅವನ ಹತ್ತಿರ ಇದ್ದದ್ದು ಅದೊಂದೇ ಜೊತೆ. ಬಸ್ ಹಿಡಿಯಬೇಕು ಅಂತ ಓಡಿದ. ಆ ಹುಡುಗನ ಮುಖ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಹಾವೇರಿಯ ಸದಸ್ಯರು: ಅದಕ್ಕೇ ನಮ್ಮ ಜಂಗಿ ನಿಕಾಲಿ ಕುಸ್ತಿ ಚಲೋ ಸರ್. ಚಿತ್ ಆದರೆ ಆಯಿತು. ಪಾಯಿಂಟ್ ಇಲ್ಲ, ತಕರಾರಿಲ್ಲ.

ಕೋಚ್: ನಾನೂ ಗರಡಿಯಿಂದಲೇ ಬಂದವನು, ನಿಮ್ಮ ಮಾತು ಒಪ್ಪುತ್ತೇನೆ. ಆದರೆ ಬಾಕ್ಸಿಂಗ್‌ನಲ್ಲಿ ನಾಕೌಟ್ ಆದರೂ ತಕರಾರು ತಪ್ಪಲಿಲ್ಲ. 1990ರ ಫೆಬ್ರವರಿ 11ರಂದು ಟೋಕಿಯೋದಲ್ಲಿ ಬಸ್ಟರ್ ಡಗ್ಲಸ್ ಹತ್ತನೇ ರೌಂಡ್‌ನಲ್ಲಿ ಮೈಕ್ ಟೈಸನ್‌ನನ್ನು ಕೆಡವಿದ. ಟೈಸನ್ ನೆಲದ ಮೇಲೆ ತಡಕಾಡಿ ಮೌತ್‌ಪೀಸ್ ಬಾಯಿಗೆ ಇಟ್ಟುಕೊಂಡದ್ದನ್ನು ಜಗತ್ತೇ ನೋಡಿದೆ. ಆದರೂ ಎಂಟನೇ ರೌಂಡ್‌ನಲ್ಲಿ ಡಗ್ಲಸ್ ಬಿದ್ದಾಗ ರೆಫರಿ ನಿಧಾನ ಎಣಿಸಿದ ಅಂತ ಗಲಾಟೆ ಎದ್ದು, ಚಾಂಪಿಯನ್ ಬೆಲ್ಟ್ ಕೊಡುವ ಸಂಸ್ಥೆಗಳಾದ ಡಬ್ಲ್ಯುಬಿಎ, ಡಬ್ಲ್ಯುಬಿಸಿ ಎರಡೂ ಕೆಲವು ದಿನ ಡಗ್ಲಸ್‌ನ ಗೆಲುವನ್ನೇ ತಡೆಹಿಡಿದವು.

ಅದಕ್ಕಿಂತ ನನಗೆ ಸಿಟ್ಟು ಬರುವುದು ಸ್ಕೋರ್ ಕಾರ್ಡ್ ನೋಡಿದಾಗ. ಒಂಬತ್ತು ರೌಂಡ್ ಮುಗಿದಾಗ ಒಬ್ಬ ಜಡ್ಜ್ 88-82 ಅಂತ ಡಗ್ಲಸ್‌ಗೆ ಕೊಟ್ಟಿದ್ದ. ಅದು ಕಣ್ಣಿಗೆ ಕಂಡ ಸತ್ಯ. ಇನ್ನೊಬ್ಬ 86-86. ಮತ್ತೊಬ್ಬನ ಲೆಕ್ಕದಲ್ಲಿ 87-86, ಟೈಸನ್ ಮುಂದೆ! ಅಷ್ಟು ಚೆಂದ ಆಡಿದವನು ಕೆಡವದೇ ಇದ್ದಿದ್ದರೆ ಆ ರಾತ್ರಿ ಏನಾಗುತ್ತಿತ್ತೋ.

ಗದಗಿನ ಸದಸ್ಯರು: ಅದೇ ಡಗ್ಲಸ್ ಮುಂದಿನ ಫೈಟ್‌ನಲ್ಲೇ ಮಣ್ಣುಮುಕ್ಕಿದನಲ್ಲ ಸರ್? ಅದಕ್ಕೆ ಯಾವ ಜಡ್ಜ್ ಕಾರಣ?

ಕೋಚ್: ಯಾವ ಜಡ್ಜೂ ಅಲ್ಲ. ಹಾಗಂತ ಡಗ್ಲಸ್‌ನ ಮೇಲೆ ಕಲ್ಲೆಸೆಯಲು ನನಗೆ ಮನಸ್ಸಿಲ್ಲ. ಟೋಕಿಯೋ ಫೈಟ್‌ಗೆ ಸುಮಾರು ಮೂರು ವಾರ ಮೊದಲು ಅವನ ತಾಯಿ ತೀರಿಕೊಂಡಿದ್ದರು. ಆ ಸಂಕಟವನ್ನೇ ಕೈಗೆ ತಂದುಕೊಂಡು ಆಡಿದ. ಆವತ್ತು ಅವನ ತೂಕ ಸುಮಾರು 105 ಕೆಜಿ. ಎಂಟು ತಿಂಗಳ ಮೇಲೆ ಹೋಲಿಫೀಲ್ಡ್ ಎದುರು ತಕ್ಕಡಿ ಹತ್ತಿದಾಗ ಹತ್ತಿರ ಹತ್ತಿರ 112. ತಕ್ಕಡಿ ನೋಡಿದ ಕೋಚ್‌ಗಳಿಗೆ ಅಲ್ಲೇ ಗೊತ್ತಾಗಿರುತ್ತದೆ. ಮೂರನೇ ರೌಂಡ್‌ನಲ್ಲಿ ಕೆಳಗಿನಿಂದ ಮೇಲಕ್ಕೆ ಬೀಸಿದ ಅಪ್ಪರ್‌ಕಟ್ ತಪ್ಪಿತು, ಹೋಲಿಫೀಲ್ಡ್‌ನ ಬಲಗೈ ಬಿತ್ತು, ಮುಗಿಯಿತು. ಆ ಫೈಟ್‌ಗೆ ಅವನಿಗೆ ಸಿಕ್ಕಿದ್ದು ಸುಮಾರು 2.4 ಕೋಟಿ ಡಾಲರ್. ದುಡ್ಡು ಬಂತು, ಹಸಿವು ಹೋಯಿತು.

ರಿಡಿಕ್ ಬೋವ್‌ನದು ಇನ್ನೂ ಹೊಟ್ಟೆ ಉರಿಯುವ ಕಥೆ. 1988ರ ಸಿಯೋಲ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಲೂಯಿಸ್‌ಗೆ ಸೋತು ಬೆಳ್ಳಿ ತಂದವನು. ಎತ್ತರ, ಉದ್ದ ಕೈ, ಅಷ್ಟು ದೊಡ್ಡ ಮೈ ಇದ್ದೂ ಹತ್ತಿರದಲ್ಲಿ ನಿಂತು ಆಡುವ ಜಾಣ್ಮೆ. ಇಂಥ ಹುಡುಗ ಒಬ್ಬ ಕೋಚ್‌ಗೆ ಜೀವಮಾನದಲ್ಲಿ ಒಮ್ಮೆ ಸಿಕ್ಕರೆ ಪುಣ್ಯ. 1992ರ ನವೆಂಬರ್‌ನಲ್ಲಿ ಹೋಲಿಫೀಲ್ಡ್‌ನನ್ನು ಸೋಲಿಸಿ ಚಾಂಪಿಯನ್ ಆದ. ಆ ಫೈಟ್‌ನ ಹತ್ತನೇ ರೌಂಡ್ ಒಂದನ್ನಾದರೂ ನೋಡಿ. ಮುಂದೆ ಲೂಯಿಸ್ ಜೊತೆ ಆಡಬೇಕಿತ್ತು. ಆಡಲಿಲ್ಲ, ಡಬ್ಲ್ಯುಬಿಸಿ ಬೆಲ್ಟನ್ನು ಕಸದ ಡಬ್ಬಿಗೆ ಹಾಕಿದ. ಒಂದೇ ವರ್ಷದಲ್ಲಿ ಐದು ಕೆಜಿ ಏರಿಸಿಕೊಂಡು ಬಂದು ಹೋಲಿಫೀಲ್ಡ್‌ಗೆ ಸೋತ. 30 ತುಂಬುವ ಮೊದಲೇ ಅವನ ಒಳ್ಳೆಯ ದಿನ ಮುಗಿದಿತ್ತು. ವೃತ್ತಿಪರನಾಗಿ ಅವನು ಸೋತದ್ದು ಅದೊಂದೇ ಸಲ. ಹಾಗಿದ್ದೂ ಲೂಯಿಸ್ ಎದುರು ಅವನು ಏನು ಮಾಡುತ್ತಿದ್ದ ಅನ್ನುವುದು ನಮಗೆ ಯಾವತ್ತೂ ಗೊತ್ತಾಗಲಿಲ್ಲ.

ಉಣಕಲ್ಲಿನ ತಂದೆ: ಸರ್, ಇದನ್ನೆಲ್ಲ ಅವನಿಗೆ ಓದಿ ಹೇಳಿದೆ. ಸುಮ್ನೆ ಕೇಳಿಸಿಕೊಂಡ. ‘ಲೂಯಿಸ್ ಡ್ರಾ ಆದ ಮೇಲೆ ಏನು ಮಾಡಿದ’ ಅಂತ ಮಾತ್ರ ಕೇಳಿದ.

ಕೋಚ್: ಒಳ್ಳೆಯ ಪ್ರಶ್ನೆ ಕೇಳಿದ್ದಾನೆ. ಲೂಯಿಸ್ ಎಂಟು ತಿಂಗಳು ಕಾದು, ಅದೇ ಎದುರಾಳಿಯ ಮುಂದೆ ಮತ್ತೆ ಹೋಗಿ ನಿಂತ. ಆವತ್ತು ಹೋಲಿಫೀಲ್ಡ್ ಮೊದಲಿಗಿಂತ ಚೆನ್ನಾಗಿ ಆಡಿದ, ಲೂಯಿಸ್‌ಗೆ ಕಷ್ಟವೇ ಆಯಿತು. ಆದರೂ ಗೆದ್ದ.

ನಿಮ್ಮ ಮಗನಿಗೆ ಅನ್ಯಾಯ ಆಗಿಲ್ಲ ಅಂತ ನಾನು ಹೇಳುವುದಿಲ್ಲ, ಆ ಫೈಟ್ ನಾನು ನೋಡಿಲ್ಲ. 3-2 ಅಂದರೆ ಇಬ್ಬರು ಜಡ್ಜ್‌ಗಳಿಗೆ ಅವನೇ ಗೆದ್ದಂತೆ ಕಂಡಿದ್ದಾನೆ. ವಿಡಿಯೋ ಇದ್ದರೆ ಭಾನುವಾರ ಬೆಳಗ್ಗೆ ಇಬ್ಬರೂ ಧಾರವಾಡಕ್ಕೆ ಬನ್ನಿ. ಸೌಂಡ್ ಬಂದ್ ಮಾಡಿ ಮೂರೂ ರೌಂಡ್ ನೋಡೋಣ. ಪೆನ್ನು ಕಾಗದ ಅವನ ಕೈಗೇ ಕೊಡುತ್ತೇನೆ, ಎದುರಾಳಿಯ ಪಂಚನ್ನೂ ಅವನೇ ಎಣಿಸಲಿ. ಪ್ರತಿ ರೌಂಡ್‌ನ ಕೊನೇ ಅರ್ಧ ನಿಮಿಷ ಅವನ ಕೈ ಎಲ್ಲಿತ್ತು, ನೇರ ಪಂಚ್ ಎಷ್ಟು, ಭುಜದ ಮರೆಯಲ್ಲಿ ಹೋದ ಹುಕ್ ಎಷ್ಟು, ಅದನ್ನು ನಾನು ಬರೆಯುತ್ತೇನೆ. ಆಮೇಲೆ ಎರಡೂ ಕಾಗದ ಪಕ್ಕಪಕ್ಕ ಇಡೋಣ.

ಬರುವಾಗ ಬ್ಯಾಂಡೇಜ್ ಚೀಲಕ್ಕೆ ಹಾಕಿಕೊಳ್ಳಲು ಹೇಳಿ.