ಒಂದು ಲೀಟರ್ ಎಥೆನಾಲ್‌ಗೆ ಎಷ್ಟು ನೀರು, ಯಾವ ನೀರು?

ಪ್ರಶ್ನೆ:
ಪೆಟ್ರೋಲ್‌ಗೆ ಎಥೆನಾಲ್ ಬೆರೆಸುವುದನ್ನು ಕಡ್ಡಾಯಗೊಳಿಸುವ ನೀತಿಗಳನ್ನು ಓದುವಾಗ ಒಂದು ಸಂದೇಹ ಬಿಡದೆ ಕಾಡುತ್ತಿದೆ. ಶೇಕಡಾ ಎಷ್ಟು ಬೆರೆಸಬೇಕು, ಯಾವ ವರ್ಷದೊಳಗೆ ಗುರಿ ಮುಟ್ಟಬೇಕು ಎಂಬುದೆಲ್ಲ ಅವುಗಳಲ್ಲಿ ಸ್ಪಷ್ಟವಾಗಿರುತ್ತದೆ. ಆ ಬೆಳೆಗೆ ನೀರು ಎಲ್ಲಿಂದ ಬರಬೇಕು ಎಂಬುದು ಮಾತ್ರ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಒಂದು ಲೀಟರ್ ಎಥೆನಾಲ್‌ಗೆ ಮೂರು ನಾಲ್ಕು ಲೀಟರ್ ನೀರು ಸಾಕೆಂದು ಒಂದು ಕಡೆ, ಎರಡು ಸಾವಿರ ಲೀಟರಿಗೂ ಮಿಕ್ಕಿ ಬೇಕೆಂದು ಇನ್ನೊಂದು ಕಡೆ ಓದಿದೆ. ಯಾವುದನ್ನು ನಂಬಬೇಕು?

ಉತ್ತರ 1:
ಎರಡೂ ಸರಿಯೇ, ಅಳೆದ ಜಾಗ ಬೇರೆ. ಮೂರು ನಾಲ್ಕು ಲೀಟರ್ ಎಂಬುದು ಮೆಕ್ಕೆಜೋಳವನ್ನು ಹುದುಗಿಸಿ ಬಟ್ಟಿ ಇಳಿಸುವ ಕಾರ್ಖಾನೆಯೊಳಗಿನ ಖರ್ಚು. ದೊಡ್ಡ ಅಂಕಿಯಲ್ಲಿ ಬಿತ್ತನೆಯಿಂದ ಕಟಾವಿನವರೆಗೆ ಹೊಲದಿಂದ ಆವಿಯಾಗುವ ನೀರೂ ಸೇರಿದೆ. ನೆದರ್ಲೆಂಡ್ಸ್‌ನ ವಿಜ್ಞಾನಿ ಆರ್ಯನ್ ಹೂಕ್‌ಸ್ಟ್ರಾ 2002ರಲ್ಲಿ ಮುಂದಿಟ್ಟ ‘ಜಲ ಹೆಜ್ಜೆಗುರುತು’ ಎಂಬ ಪರಿಕಲ್ಪನೆ ಈ ಲೆಕ್ಕಕ್ಕೆ ಆಧಾರ. ಆದರೆ ಒಟ್ಟು ಅಂಕಿಗಿಂತ, ಅದರಲ್ಲಿ ಮಳೆಯ ಪಾಲೆಷ್ಟು, ನದಿ ಮತ್ತು ಅಂತರ್ಜಲದ ಪಾಲೆಷ್ಟು ಎಂಬುದೇ ಮುಖ್ಯವೆಂದು ನನ್ನ ಅಭಿಪ್ರಾಯ. ಬ್ರೆಜಿಲ್‌ನ ಕಬ್ಬು ಬಹುಮಟ್ಟಿಗೆ ಮಳೆಯಾಶ್ರಿತ. ಅಮೆರಿಕದ ಕಾನ್ಸಾಸ್, ನೆಬ್ರಾಸ್ಕ ರಾಜ್ಯಗಳಲ್ಲಿ ಮೆಕ್ಕೆಜೋಳದ ಎಷ್ಟೋ ಹೊಲಗಳು ಒಗಲಾಲಾ ಎಂಬ ವಿಶಾಲ ಅಂತರ್ಜಲ ಭಂಡಾರವನ್ನು ನಂಬಿವೆ. ಅದರ ಹಲವು ಭಾಗಗಳಲ್ಲಿ, ಮುಖ್ಯವಾಗಿ ದಕ್ಷಿಣದಲ್ಲಿ, ಮೇಲೆತ್ತಿದಷ್ಟು ನೀರು ಮತ್ತೆ ಇಂಗುವುದಿಲ್ಲ.

ಉತ್ತರ 2:
ಮೇಲಿನ ಉತ್ತರವನ್ನು ಒಪ್ಪುತ್ತೇನೆ, ಆದರೆ ಮಳೆಯಾಶ್ರಿತ ಎಂದ ಮಾತ್ರಕ್ಕೆ ನೀರಿನ ಪ್ರಶ್ನೆ ಮುಗಿಯಿತೆಂದು ಭಾವಿಸಲಾಗದು, ಏಕೆಂದರೆ ನೀರಿನ ಗುಣಮಟ್ಟವೂ ಕೆಡುತ್ತದೆ. ಮೆಕ್ಕೆಜೋಳಕ್ಕೆ ಹಾಕಿದ ಸಾರಜನಕ ಗೊಬ್ಬರದ ಒಂದು ಪಾಲು ಮಿಸಿಸಿಪ್ಪಿ ನದಿಯ ಮೂಲಕ ಮೆಕ್ಸಿಕೋ ಕೊಲ್ಲಿಯನ್ನು ಸೇರಿ, ಅಲ್ಲಿ ಪಾಚಿ ಹೆಚ್ಚಿ, ಅದು ಕೊಳೆಯುವಾಗ ಆಮ್ಲಜನಕ ಕುಗ್ಗಿ, ಪ್ರತಿ ಬೇಸಿಗೆಯಲ್ಲೂ ಮೀನು ಬದುಕಲಾಗದ ವಲಯವೊಂದು ಉಂಟಾಗುತ್ತದೆ. ಕಬ್ಬಿನಿಂದ ಒಂದು ಲೀಟರ್ ಎಥೆನಾಲ್ ತೆಗೆದಾಗ ಹತ್ತು ಲೀಟರಿಗೂ ಹೆಚ್ಚು ತ್ಯಾಜ್ಯದ್ರವ ಉಳಿಯುತ್ತದೆ; ಸಂಸ್ಕರಿಸದೆ ಹೊಳೆಗೆ ಬಿಟ್ಟರೆ ಅಲ್ಲಿಯೂ ಇದೇ ಗತಿ.

ತಮ್ಮ ಸಂದೇಹಕ್ಕೆ ಅಮೆರಿಕದ 2007ರ ಇಂಧನ ಕಾಯಿದೆ ಒಳ್ಳೆಯ ಉದಾಹರಣೆ. 2022ರ ಹೊತ್ತಿಗೆ ವರ್ಷಕ್ಕೆ 3,600 ಕೋಟಿ ಗ್ಯಾಲನ್ ಜೈವಿಕ ಇಂಧನ ಬಳಕೆಯಾಗಬೇಕೆಂದು ಅದು ಗುರಿಯಿಟ್ಟಿತು. ನೀರಿನ ಬಗ್ಗೆ ಅದರಲ್ಲಿದ್ದುದು, ಪರಿಸರದ ಇತರ ಪರಿಣಾಮಗಳೊಡನೆ ಮೂರು ವರ್ಷಕ್ಕೊಮ್ಮೆ ವರದಿ ನೀಡಬೇಕೆಂಬ ವಿಧಿ. ಮೊದಲ ವರದಿ 2011ರಲ್ಲಿ ಬಂತು, ಎರಡನೆಯದು ಬಂದದ್ದು 2018ರಲ್ಲಿ.

ಪ್ರಶ್ನೆ ಕೇಳಿದವರು:
ವಿವರಣೆಗೆ ಕೃತಜ್ಞತೆಗಳು. ಹಾಗಿದ್ದರೆ ಬೆಳೆಯ ಬದಲು ಹುಲ್ಲು, ಕಡ್ಡಿ, ಬಳಸಿದ ಅಡುಗೆ ಎಣ್ಣೆಗಳಿಂದ ಇಂಧನ ತೆಗೆಯುವುದು ಉತ್ತಮವಲ್ಲವೇ?

ಉತ್ತರ 1:
ಖಂಡಿತ ಉತ್ತಮ, ಏಕೆಂದರೆ ಕಾಳಿಗಾಗಿ ಆಗಲೇ ಖರ್ಚಾದ ನೀರಿನಲ್ಲೇ ಹುಲ್ಲೂ ಬೆಳೆದಿರುತ್ತದೆ. ಆದರೂ ಹೊಲದ ಕಡ್ಡಿಯನ್ನೆಲ್ಲ ಬಳಿದು ಒಯ್ದರೆ ಮಣ್ಣು ತೇವ ಹಿಡಿದಿಡುವ ಶಕ್ತಿ ಕಳೆದುಕೊಂಡು, ಮುಂದಿನ ಬೆಳೆಗೆ ಹೆಚ್ಚು ನೀರು ಕೇಳುತ್ತದೆ; ಒಂದಷ್ಟನ್ನು ನೆಲಕ್ಕೇ ಬಿಡಬೇಕು. ಬಳಸಿದ ಎಣ್ಣೆಗೆ ಈ ತೊಡಕಿಲ್ಲ, ಆದರೆ ಅದು ಸಿಗುವುದು ಸ್ವಲ್ಪ.