ಬೆಳಗ್ಗೆ 27%, ರಾತ್ರಿ 24%: ತೂಕದ ಮೆಷಿನ್ ಹೇಳುವ ಕೊಬ್ಬಿನ ಲೆಕ್ಕ ನಂಬಬಹುದಾ?

ಪ್ರಶ್ನೆ:
ಮೇಡಂ, ನಮಸ್ಕಾರ. ನನಗೆ 41 ವರ್ಷ, ಗಂಡಸು. ಕೊಬ್ಬಿನ ಪ್ರಮಾಣವನ್ನೂ ತೋರಿಸುವ ತೂಕದ ಮೆಷಿನ್ ತಗೊಂಡು ಆರು ವಾರವಾಯಿತು. ಅವತ್ತಿನಿಂದ ಊಟ ಸ್ವಲ್ಪ ಕಡಿಮೆ ಮಾಡಿದ್ದೇನೆ, ವಾರಕ್ಕೆ ಮೂರು ದಿನ ಭಾರ ಎತ್ತುತ್ತೇನೆ. ಮೊದಲ ವಾರವೇ 2 ಕೆಜಿ ಇಳಿಯಿತು. ಆಮೇಲೆ 74ಕ್ಕೆ ಬಂದು ನಿಂತಿದ್ದು ಅಲ್ಲಾಡುತ್ತಿಲ್ಲ. ನಿನ್ನೆ ಬೆಳಗ್ಗೆ ಕೊಬ್ಬು 27% ಅಂತ ತೋರಿಸಿತು, ರಾತ್ರಿ 24%. ಮೆಷಿನ್ ಕೆಟ್ಟಿದೆಯಾ, ನನ್ನ ಹಣೆಬರಹ ಕೆಟ್ಟಿದೆಯಾ?

ಉತ್ತರ (ಪೋಷಣಾ ತಜ್ಞೆ):
ಎರಡೂ ಕೆಟ್ಟಿಲ್ಲ. ಮೊದಲು ಒಂದು ಲೆಕ್ಕ ಮಾಡೋಣ. 74 ಕೆಜಿಯಲ್ಲಿ 3% ಅಂದರೆ 2.2 ಕೆಜಿ. ಒಂದು ಕೆಜಿ ಮೈಕೊಬ್ಬು ಕರಗಲು ಸುಮಾರು 7,700 ಕಿಲೋಕ್ಯಾಲರಿ ಖರ್ಚಾಗಬೇಕು. ಅಂದರೆ ನೀವು ಬೆಳಗ್ಗೆಯಿಂದ ರಾತ್ರಿಯೊಳಗೆ ಹತ್ತಿರ ಹತ್ತಿರ 17,000 ಕಿಲೋಕ್ಯಾಲರಿ ಸುಟ್ಟಿರಬೇಕು. ಒಂದು ವಾರ ಪೂರ್ತಿ ಉಪವಾಸ ಮಾಡಿದರೂ ಅಷ್ಟು ಆಗುವುದು ಕಷ್ಟ. ಹಾಗಾಗಿ ಬದಲಾಗಿದ್ದು ಕೊಬ್ಬಲ್ಲ.

ಆ ಮೆಷಿನ್ ಕೊಬ್ಬನ್ನು ಅಳೆಯುವುದೇ ಇಲ್ಲ. ಅಂಗಾಲಿನ ಮೂಲಕ ನಿಮಗೆ ಗೊತ್ತೇ ಆಗದಷ್ಟು ಸಣ್ಣ ಕರೆಂಟ್ ಬಿಡುತ್ತದೆ, ಅದು ಒಂದು ಕಾಲಲ್ಲಿ ಹತ್ತಿ ಇನ್ನೊಂದು ಕಾಲಲ್ಲಿ ಇಳಿಯುವಾಗ ಎಷ್ಟು ತಡೆ ಬಂತು ಅಂತ ನೋಡುತ್ತದೆ. ಸ್ನಾಯುವಿನಲ್ಲಿ ನೀರು, ಉಪ್ಪಿನಂಶ ಜಾಸ್ತಿ, ಕರೆಂಟ್ ಸಲೀಸಾಗಿ ಹರಿಯುತ್ತದೆ. ಕೊಬ್ಬಿನಲ್ಲಿ ನೀರು ಕಡಿಮೆ, ತಡೆ ಜಾಸ್ತಿ. ಉಳಿದದ್ದೆಲ್ಲ ಸೂತ್ರ. ನೀವು ತುಂಬಿದ ಎತ್ತರ, ವಯಸ್ಸು, ಗಂಡೋ ಹೆಣ್ಣೋ ಅನ್ನುವುದನ್ನು ಸೇರಿಸಿ ಒಂದು ಅಂದಾಜು ಕೊಡುತ್ತದೆ. ನಂಬಿಕೆ ಬಾರದಿದ್ದರೆ ಮೆಷಿನ್‌ನಲ್ಲಿ ನಿಮ್ಮ ಎತ್ತರವನ್ನು 10 ಸೆಂಟಿಮೀಟರ್ ಹೆಚ್ಚಿಸಿ ನೋಡಿ. ಕಾಲು ಕೆಳಗಿಡದೆ ಕೊಬ್ಬು ಇಳಿದುಬಿಡುತ್ತದೆ!

ದಿನವಿಡೀ ನಿಂತು ಓಡಾಡಿದರೆ ಸಂಜೆಗೆ ಕಾಲಿಗೆ ನೀರು ಇಳಿದಿರುತ್ತದೆ. ಪಾದ ಬೆಚ್ಚಗೆ, ಸ್ವಲ್ಪ ಬೆವರಿಯೂ ಇರುತ್ತದೆ. ತಡೆ ಕಡಿಮೆ ಸಿಕ್ಕಿತು, ಮೆಷಿನ್ ಅದನ್ನು "ಕೊಬ್ಬು ಕಡಿಮೆ" ಅಂತ ಓದಿತು. ಬೆಳಗ್ಗೆ ಒಣಗಿದ ತಣ್ಣನೆ ಪಾದ ಇಟ್ಟರೆ ಉಲ್ಟಾ.

ಇನ್ನು ಮೊದಲ ವಾರದ ಆ 2 ಕೆಜಿ. ಬೇಜಾರು ಮಾಡ್ಕೋಬೇಡಿ, ಅದರಲ್ಲೂ ಬಹುಪಾಲು ನೀರೇ. ನಮ್ಮ ಸ್ನಾಯು ಮತ್ತು ಪಿತ್ತಜನಕಾಂಗದಲ್ಲಿ ಸಕ್ಕರೆಯನ್ನು ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟಿರುತ್ತೇವೆ. ದೊಡ್ಡವರಲ್ಲಿ ಒಟ್ಟು ಅರ್ಧ ಕೆಜಿಯಷ್ಟು. ಒಂದೊಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು 3 ಗ್ರಾಂ ನೀರು ಅಂಟಿಕೊಂಡಿರುತ್ತದೆ. ಊಟ ಕಡಿಮೆಯಾದ ಕೂಡಲೇ ದೇಹ ಮೊದಲು ಈ ಗಂಟಿಗೆ ಕೈ ಹಾಕುತ್ತದೆ. ಸಕ್ಕರೆ ಹೋಗುತ್ತದೆ, ನೀರೂ ಹಿಂದೆಯೇ ಹೋಗುತ್ತದೆ. "ಏಳು ದಿನದಲ್ಲಿ ಇಷ್ಟು ಕೆಜಿ" ಅನ್ನುವ ಜಾಹೀರಾತುಗಳೆಲ್ಲ ಬದುಕಿರುವುದು ಈ ನೀರಿನ ಮೇಲೆಯೇ.

ಒಂದು ಕೇಳುತ್ತೇನೆ. ಬೆಲ್ಟ್ ಹೇಗಿದೆ?

ಪ್ರಶ್ನೆ ಕೇಳಿದವರು:
ಬೆಲ್ಟ್ ಒಂದು ತೂತು ಒಳಗೆ ಬಂದಿದೆ ಮೇಡಂ. ತೂಕ ಇಳಿದಿಲ್ಲವಲ್ಲ ಅಂತ ಅದನ್ನು ಲೆಕ್ಕಕ್ಕೇ ತಗೊಂಡಿರಲಿಲ್ಲ.

ಉತ್ತರ:
ಅಯ್ಯೋ, ಅದನ್ನು ಮೊದಲೇ ಹೇಳಬಾರದಾ! ಹೊಸದಾಗಿ ಭಾರ ಎತ್ತುವವರಲ್ಲಿ ಕೊಬ್ಬು ಇಳಿಯುವುದೂ ಸ್ನಾಯು ಕೂಡುವುದೂ ಒಟ್ಟೊಟ್ಟಿಗೆ ಆಗಬಹುದು. ವ್ಯಾಯಾಮದಿಂದ ನೊಂದ ಸ್ನಾಯು ಸ್ವಲ್ಪ ನೀರನ್ನೂ ಹಿಡಿದಿಡುತ್ತದೆ. ಹಾಗಾಗಿ ತೂಕ ನಿಂತಂತೆ ಕಾಣುತ್ತದೆ. ನಿಮ್ಮ ವಿಷಯದಲ್ಲಿ ನಾನು ಮೆಷಿನ್‌ಗಿಂತ ಬೆಲ್ಟನ್ನೇ ನಂಬುತ್ತೇನೆ.

ಇನ್ನೊಬ್ಬ ಸದಸ್ಯರು:
ಮೇಡಂ, ಸ್ನಾಯು ಬೆಳೆಸಿಕೊಂಡರೆ ಸುಮ್ನೆ ಕೂತಿದ್ದರೂ ಸಿಕ್ಕಾಪಟ್ಟೆ ಕ್ಯಾಲರಿ ಸುಡುತ್ತದೆ ಅಂತಾರಲ್ಲ, ಹೌದಾ?

ಉತ್ತರ:
ಸುಡುತ್ತದೆ, ಆದರೆ ಸಿಕ್ಕಾಪಟ್ಟೆ ಅಲ್ಲ. ಸುಮ್ಮನೆ ಕೂತಾಗ ಒಂದು ಕೆಜಿ ಸ್ನಾಯುವಿಗೆ ದಿನಕ್ಕೆ ಸುಮಾರು 13 ಕಿಲೋಕ್ಯಾಲರಿ ಬೇಕು. ಒಂದು ಕೆಜಿ ಕೊಬ್ಬಿಗೆ 4.5. ನಿಜವಾದ ಖರ್ಚುಗಾರರು ಬೇರೆ. ಮಿದುಳಿಗೆ ಕೆಜಿಗೆ 240, ಹೃದಯ ಮತ್ತು ಮೂತ್ರಪಿಂಡಕ್ಕೆ 440ರ ಹತ್ತಿರ. ಅವನ್ನು ಜಿಮ್‌ನಲ್ಲಿ ಬೆಳೆಸುವ ಹಾಗಿಲ್ಲವಲ್ಲ. ಎರಡು ಕೆಜಿ ಸ್ನಾಯು ಕೂಡಿಸಿದರೆ ದಿನಕ್ಕೆ 26 ಕಿಲೋಕ್ಯಾಲರಿ, ಒಂದು ಚಮಚ ಸಕ್ಕರೆಗಿಂತ ತುಸು ಜಾಸ್ತಿ. ಸ್ನಾಯು ಬೇಕಾಗಿರುವುದು ಬೇರೆ ಕಾರಣಕ್ಕೆ. ಊಟದ ಸಕ್ಕರೆಯ ದೊಡ್ಡ ಪಾಲು ಸೇರುವುದು ಅಲ್ಲಿಗೇ. ವಯಸ್ಸಾದ ಮೇಲೆ ಬೀಳದಂತೆ ಕಾಯುವುದೂ ಅದೇ.

ಪ್ರಶ್ನೆ ಕೇಳಿದವರು:
ಹಾಗಾದರೆ ಡೆಕ್ಸಾ ಸ್ಕ್ಯಾನ್ ಮಾಡಿಸಿಬಿಡಲಾ? ಅದು ಪಕ್ಕಾ ಅಲ್ವಾ?

ಉತ್ತರ:
ನಿಮ್ಮ ಮೆಷಿನ್‌ಗಿಂತ ಎಷ್ಟೋ ಪಾಲು ಮೇಲು. ಎರಡು ಬೇರೆ ಬೇರೆ ಶಕ್ತಿಯ ಎಕ್ಸ್‌-ರೇ ಹಾಯಿಸಿ ಮೂಳೆ, ಕೊಬ್ಬು, ಉಳಿದದ್ದು ಅಂತ ಬೇರ್ಪಡಿಸುತ್ತದೆ. ಆದರೆ ಆ "ಉಳಿದದ್ದು" ಬರೀ ಸ್ನಾಯುವಲ್ಲ. ನೀರು, ಕರುಳು, ಪಿತ್ತಜನಕಾಂಗ ಎಲ್ಲ ಸೇರಿರುತ್ತದೆ. ಒಂದು ಲೀಟರ್ ನೀರು ಕುಡಿದು ಮಲಗಿದರೆ ರಿಪೋರ್ಟಿನಲ್ಲಿ ಅದೂ ಅಲ್ಲಿಗೇ ಸೇರುತ್ತದೆ. ಬದುಕಿರುವ ಮನುಷ್ಯನ ಕೊಬ್ಬನ್ನು ನೇರವಾಗಿ ತೂಗಲು ಯಾರಿಂದಲೂ ಆಗದು. ಇರುವುದೆಲ್ಲ ಬಳಸುದಾರಿಗಳೇ.

ನಿಮಗೆ ಸದ್ಯಕ್ಕೆ ಅದರ ಅಗತ್ಯ ಇಲ್ಲ. ಬೆಳಗ್ಗೆ ಶೌಚ ಮುಗಿಸಿ, ಏನೂ ತಿನ್ನುವ ಮೊದಲು ತೂಕ ನೋಡಿ ಬರೆದಿಡಿ. ಏಳು ದಿನದ ಸರಾಸರಿ ತೆಗೆದು ಹಿಂದಿನ ವಾರದ ಸರಾಸರಿಗೆ ಹೋಲಿಸಿ. ಹದಿನೈದು ದಿನಕ್ಕೊಮ್ಮೆ ಟೇಪ್‌ನಿಂದ ಸೊಂಟ ಅಳೆಯಿರಿ. ಎತ್ತುವ ಭಾರ ಏರುತ್ತಿದೆಯಾ ನೋಡಿ. ಕೊಬ್ಬಿನ ಶೇಕಡಾ ಬೇಕೇ ಬೇಕು ಅಂದರೆ ತಿಂಗಳಿಗೊಮ್ಮೆ, ಅದೇ ಹೊತ್ತಿಗೆ, ಅದೇ ಮೆಷಿನ್‌ನಲ್ಲಿ ಮಾತ್ರ.

ಪ್ರಶ್ನೆ ಕೇಳಿದವರು:
ಆಯ್ತು ಮೇಡಂ. ಎತ್ತರ ಬದಲಾಯಿಸಿ ನೋಡಿದೆ. ಈಗ ನಾನು 21%!